ಕಾಪಿಯಲ್ಲಿದ್ದ ಹಾಗೆ

ಜನವರಿ 9

ಅಕ್ಕನವರಿಗೆ,

ನಮಸ್ಕಾರ. ನಾನು, ನಿಮ್ಮ ತಮ್ಮನ ಹೆಂಡತಿ. ಏಳು ವರ್ಷ ನಿಮಗೆ ಒಂದು ಸಾಲೂ ಬರೆಯಲಿಲ್ಲ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಮನೆಯವರು ತೀರಿಕೊಂಡಾಗ, ಇಂಗ್ಲಿಷ್ ಮೇಡಂಗೆ ಇಂಗ್ಲಿಷಿನಲ್ಲೇ ಸಮಾಧಾನ ಹೇಳೋಣ ಅಂತ ಒಂದು ವಾರ ಕೂತು, ನಿಘಂಟಿನಲ್ಲಿ ಪದ ಪದ ಹುಡುಕಿ ಕಾಗದ ಬರೆದೆ. ನೀವು ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ‘ಹದಿನೇಳು ತಪ್ಪು’ ಅಂತ ಬರೆದು ವಾಪಸ್ ಕಳಿಸಿದಿರಿ. ಅವತ್ತು ನಾನು ಅತ್ತಿದ್ದು ನಿಮ್ಮ ತಮ್ಮನಿಗೆ ಮಾತ್ರ ಗೊತ್ತು.

ಈಗ ಜಗಳಕ್ಕೆ ಬರೆಯುತ್ತಿಲ್ಲ, ಕೆಲಸಕ್ಕೆ ಬರೆಯುತ್ತಿದ್ದೇನೆ. ನಮ್ಮ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ನಾವು ಐದು ಜನ ಸೀಸದ ಅಚ್ಚುಮೊಳೆ ಜೋಡಿಸುವವರು; ಏಪ್ರಿಲ್ ಮುಗಿಯುವುದರೊಳಗೆ ನಮ್ಮ ವಿಭಾಗ ಮುಚ್ಚುತ್ತಾರಂತೆ. ಇಂಗ್ಲಿಷ್ ಪ್ರೂಫ್ ತಿದ್ದುವ ಒಂದೇ ಒಂದು ಜಾಗ ಖಾಲಿ ಇದೆ. ಏಪ್ರಿಲ್ ಮೂರಕ್ಕೆ ಪರೀಕ್ಷೆ, ಯಾರು ಬೇಕಾದರೂ ಕೂರಬಹುದು ಅಂದರು. ನಾನು ಕೂರುತ್ತೇನೆ ಅಂದೆ. ಮ್ಯಾನೇಜರ್ ನಕ್ಕರು. ನನ್ನ ಪಕ್ಕ ನಿಂತು ಮೊಳೆ ಜೋಡಿಸುವವಳೂ ನಕ್ಕಳು, ಅದು ಬೇರೆ ವಿಷಯ.

ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಮೊಳೆ ಜೋಡಿಸುತ್ತಿದ್ದೇನೆ. ಓದಲು ಬರುವುದಿಲ್ಲ. ಅಕ್ಷರ ಗೊತ್ತು, ಅಲ್ಲೊಂದು ಇಲ್ಲೊಂದು ಪದ ಗೊತ್ತು, ಸಾಲಿನ ಅರ್ಥ ಗೊತ್ತಿಲ್ಲ. ನಿಮ್ಮ ಹಾಗೆ ನಿರ್ದಾಕ್ಷಿಣ್ಯವಾಗಿ ತಿದ್ದುವವರು ನನಗೆ ಇನ್ಯಾರೂ ಪರಿಚಯವಿಲ್ಲ. ಹೋದ ಸಲ ನಾನು ಕೇಳದೆ ತಿದ್ದಿದಿರಿ. ಈ ಸಲ ಕೇಳಿ ತಿದ್ದಿಸಿಕೊಳ್ಳುತ್ತಿದ್ದೇನೆ. ಆಗುತ್ತೋ ಇಲ್ಲವೋ, ಒಂದು ಸಾಲು ಬರೆಯಿರಿ.

ಇತಿ,
ನಿಮ್ಮ ತಮ್ಮನ ಹೆಂಡತಿ

ಜನವರಿ 17

ಮಹರಾಯ್ತಿಗೆ,

ಆಗುತ್ತೆ.

ಹತ್ತು ವಾಕ್ಯ ಬರೆದು ಕಳಿಸು. ನಿನ್ನ ಬಗ್ಗೆ, ನಿನ್ನ ಮನೆ ಬಗ್ಗೆ, ನಿನ್ನ ಕೆಲಸದ ಬಗ್ಗೆ. ಯಾವ ಪುಸ್ತಕವನ್ನೂ ನೋಡಬೇಡ, ನನ್ನ ತಮ್ಮನನ್ನಂತೂ ಕೇಳಲೇಬೇಡ. ಶಾಲೆಯಲ್ಲಿ ಅವನ ಇಂಗ್ಲಿಷ್ ನೋಡಿ ನಾನೇ ತಲೆ ಚಚ್ಚಿಕೊಂಡಿದ್ದೇನೆ. ಒಂದು ಸಾಲು ಬಿಟ್ಟು ಒಂದು ಸಾಲು ಬರೆ, ತಿದ್ದಲು ಜಾಗ ಬೇಕು.

ಎಂಬತ್ತು ದಿನವೂ ಉಳಿದಿಲ್ಲ. ಅಂಚೆ ಹೋಗಿಬರಲು ವಾರ ಬೇಕು. ಸುಮ್ಮನೆ ಕೂರಬೇಡ.

ಇತಿ,
ನಿನ್ನ ಗಂಡನ ಅಕ್ಕ

ಜನವರಿ 25

ಅಕ್ಕನವರಿಗೆ,

ಹತ್ತು ವಾಕ್ಯ ಇದರ ಜೊತೆಗಿವೆ. ನಗುವುದಾದರೆ ಬಾಗಿಲು ಹಾಕಿಕೊಂಡು ನಗಿ.

ನನ್ನ ಅವಸ್ಥೆ ನಿಮಗೆ ಗೊತ್ತಿರಲಿ. ನಮ್ಮಲ್ಲಿ ಎರಡು ಕೇಸ್ ಇರುತ್ತವೆ, ಅಂದರೆ ಸಣ್ಣ ಸಣ್ಣ ಮನೆಗಳಿರುವ ಮರದ ತಟ್ಟೆಗಳು. ಮೇಲಿನ ತಟ್ಟೆಯಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಚಿಕ್ಕಕ್ಷರ. ಫುಲ್‌ಸ್ಟಾಪ್ ಆದಮೇಲೆ ನನ್ನ ಕೈ ತಾನಾಗಿ ಮೇಲಿನ ತಟ್ಟೆಗೆ ಹೋಗುತ್ತದೆ. ಯಾಕೆ ಹೋಗಬೇಕು ಅಂತ ಇಪ್ಪತ್ತಾರು ವರ್ಷ ಯೋಚಿಸಲಿಲ್ಲ. ಕಾಪಿಯಲ್ಲಿ ಹಾಗಿದೆ, ಕೈ ಹಾಗೆ ಹೋಗುತ್ತದೆ. ಕಾಪಿ ಅಂದರೆ ಗಿರಾಕಿ ಕೊಟ್ಟ ಬರಹ. ನಮಗೆ ಕಲಿಸಿದ ಮೊದಲ ಮಾತು, ‘ಕಾಪಿಯಲ್ಲಿದ್ದ ಹಾಗೆ ಜೋಡಿಸು, ನಿನ್ನ ಬುದ್ಧಿ ಓಡಿಸಬೇಡ.’ ಕಾಪಿಯಲ್ಲಿ ತಪ್ಪಿದ್ದರೆ ತಪ್ಪನ್ನೇ ಜೋಡಿಸಬೇಕು.

ಇನ್ನೊಂದು ಫಜೀತಿ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತದೆ, ಅದನ್ನು ನಾವು ತಲೆಕೆಳಗಾಗಿ ಹಿಡಿದು ಓದುತ್ತೇವೆ. ಹಾಗಾಗಿ ನನಗೆ ಇಂಗ್ಲಿಷ್ ನೆಟ್ಟಗಿದ್ದರೆ ಕಣ್ಣಿಗೆ ಹತ್ತುವುದಿಲ್ಲ. ಬಸ್ಸಿನಲ್ಲಿ ಕೂತು ನಿಮ್ಮ ತಮ್ಮ ತಂದುಕೊಟ್ಟ ವ್ಯಾಕರಣದ ಪುಸ್ತಕವನ್ನು ತಲೆಕೆಳಗೆ ಹಿಡಿದು ಓದುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ‘ಅಯ್ಯೋ ಪಾಪ, ಹೀಗಲ್ಲಮ್ಮಾ’ ಅಂತ ತಿರುಗಿಸಿ ಕೈಗೆ ಕೊಟ್ಟರು. ಥ್ಯಾಂಕ್ಸ್ ಹೇಳಿ, ಅವರು ಇಳಿಯುವವರೆಗೂ ನೆಟ್ಟಗೆ ಹಿಡಿದು ಸುಮ್ಮನೆ ಕೂತಿದ್ದೆ.

ಇತಿ,
ಪ್ರೆಸ್ಸಿನವರು ಕರೆಯುವಂತೆ, ಮೊಳೆಯಮ್ಮ

ಫೆಬ್ರುವರಿ 2

ಮೊಳೆಯಮ್ಮಾ,

ಹೆಸರು ಚೆನ್ನಾಗಿದೆ. ಇಂಗ್ಲಿಷ್ ಚೆನ್ನಾಗಿಲ್ಲ.

ಕಾಮಾ, ಫುಲ್‌ಸ್ಟಾಪ್, ದೊಡ್ಡಕ್ಷರ, ಒಂದೂ ತಪ್ಪಿಲ್ಲ. ನನ್ನ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೂ ಹೀಗೆ ಹಾಕುತ್ತಿರಲಿಲ್ಲ. ಆದರೆ ಆ ಚಿಹ್ನೆಗಳ ನಡುವೆ ಇರುವುದು ವಾಕ್ಯ ಅಲ್ಲ ತಾಯಿ, ಸಂತೆ. ಬೇಲಿ ಕಟ್ಟಿದ್ದೀಯ, ಒಳಗೆ ಮನೆಯೇ ಇಲ್ಲ.

ಹತ್ತರಲ್ಲಿ ಆರಕ್ಕೆ ಕರ್ತೃ ಇಲ್ಲ. ನಮ್ಮ ಭಾಷೆಯಲ್ಲಿ ‘ಬಂದೆ’ ಅಂದರೆ ಸಾಕು, ಬಂದದ್ದು ನಾನು ಅಂತ ಗೊತ್ತಾಗುತ್ತದೆ. ಇಂಗ್ಲಿಷ್ ಹಾಗೆ ನಂಬುವುದಿಲ್ಲ. ಯಾರು ಅಂತ ಮೊದಲು ಹೇಳು, ಆಮೇಲೆ ಏನು ಮಾಡಿದರು ಅಂತ ಹೇಳು, ಆಮೇಲೆ ಯಾರಿಗೆ, ಯಾವುದನ್ನು ಅಂತ ಹೇಳು. ನೀನು ಎಲ್ಲ ಕಡೆ ‘ಐ’ ನುಂಗಿಬಿಟ್ಟಿದ್ದೀಯ. ಸಂಕೋಚವಾ? ಇಂಗ್ಲಿಷಿನಲ್ಲಿ ‘ಐ’ ವಾಕ್ಯದ ನಡುವೆ ಬಂದರೂ ದೊಡ್ಡಕ್ಷರವೇ. ಬರೆ. ನೂರು ಸಲ ಬರೆ. ಪ್ರತಿ ಸಲವೂ ಬೇರೆ ಕ್ರಿಯಾಪದ ಇರಲಿ.

‘ಮೈ ಹಸ್ಬೆಂಡ್ ಈಸ್ ಡ್ರೈವರ್’ ಅಂದರೆ ಸಾಲದು. ಯಾರೋ ಒಬ್ಬ ಡ್ರೈವರ್ ಆದರೆ ‘ಎ’, ಇಂಥವನೇ ಅಂತ ಗೊತ್ತಿದ್ದರೆ ‘ದಿ’.

ಪುಸ್ತಕ ನೆಟ್ಟಗೆ ಹಿಡಿ. ಮೊದಲು ನಿಧಾನವಾಗುತ್ತದೆ, ಆಗಲಿ.

ಇತಿ,
ಅಕ್ಕ

ಫೆಬ್ರುವರಿ 12

ಅಕ್ಕಾ,

ನೂರು ‘ಐ’ ಇದರ ಜೊತೆಗಿವೆ. ಮೂವತ್ತಕ್ಕೆ ಬರುವಷ್ಟರಲ್ಲಿ ನಾನು ದಿನವಿಡೀ ಏನೇನು ಮಾಡುತ್ತೇನೆ ಅನ್ನುವುದೆಲ್ಲ ಮುಗಿದುಹೋಯಿತು. ಏಳುತ್ತೇನೆ, ತೊಳೆಯುತ್ತೇನೆ, ಹೋಗುತ್ತೇನೆ, ನಿಲ್ಲುತ್ತೇನೆ. ಆಮೇಲಿನ ಎಪ್ಪತ್ತಕ್ಕೆ ನನಗೆ ಏನು ಬೇಕು, ಏನು ಬೇಡ ಅಂತ ಬರೆಯಬೇಕಾಯಿತು. ಅದು ಕಷ್ಟವಾಯಿತು.

ನಿಮ್ಮ ತಮ್ಮನಿಗೆ ‘ಎ’ ಹಾಕಲೋ ‘ದಿ’ ಹಾಕಲೋ ತಿಳಿಯುತ್ತಿಲ್ಲ. ಡ್ಯೂಟಿ ಮುಗಿಸಿ ನೆಟ್ಟಗೆ ಮನೆಗೆ ಬಂದ ದಿನ ‘ದಿ’, ಸ್ನೇಹಿತರ ಜೊತೆ ಹರಟುತ್ತಾ ಕೂತ ದಿನ ‘ಎ’ ಅಂತ ತೀರ್ಮಾನ ಮಾಡಿದ್ದೇನೆ. ಅವರು ಒಪ್ಪಿಲ್ಲ.

ಈಗ ಒಂದು ಹೊಟ್ಟೆ ಉರಿಯುವ ವಿಷಯ. ಊಟದ ಬಿಡುವಿನಲ್ಲಿ ನಾನು ಬರೆಯುತ್ತಿದ್ದಾಗ ಮ್ಯಾನೇಜರ್ ಬಂದರು. ‘ಏನಮ್ಮಾ, ನಿಜವಾಗಲೂ ಕಲಿಯೋದಕ್ಕೆ ಶುರು ಮಾಡಿದ್ದೀಯಾ? ನೀನು ಕಲಿತುಬಿಟ್ಟರೆ ಗುಟ್ಟಿನ ಕೆಲಸ ಯಾರ ಕೈಲಿ ಕೊಡಲಿ?’ ಅಂದರು. ತಮಾಷೆ ಮಾಡುವ ಹಾಗೆ ಹೇಳಿದರು, ಆದರೆ ಮುಖದಲ್ಲಿ ನಗು ಇರಲಿಲ್ಲ.

ಆಗ ನನಗೆ ಹೊಳೆಯಿತು. ಪರೀಕ್ಷೆಯ ಪ್ರಶ್ನೆಪತ್ರಿಕೆ, ಕಂಪನಿಗಳ ಒಳಗಿನ ಕಾಗದ, ವಕೀಲರ ನೋಟಿಸು, ಮುಚ್ಚಿದ ಲಕೋಟೆಯಲ್ಲಿ ಏನು ಬಂದರೂ ನನ್ನ ಕೇಸಿಗೇ ಬರುತ್ತಿತ್ತು. ‘ಮೊಳೆಯಮ್ಮನಿಗೆ ಕೊಡಿ, ನಂಬಿಕಸ್ಥಳು’ ಅನ್ನುತ್ತಿದ್ದರು. ನಾನು ಎದೆಯುಬ್ಬಿಸಿಕೊಂಡು ಮಾಡುತ್ತಿದ್ದೆ. ಅವರು ನಂಬಿದ್ದು ನನ್ನ ನಿಯತ್ತನ್ನಲ್ಲ ಅಕ್ಕಾ, ನನಗೆ ಓದಲು ಬಾರದ್ದನ್ನು. ಇಪ್ಪತ್ತಾರು ವರ್ಷ ಅವರು ನನ್ನೆದುರು ಕಾಗದ ಬಿಚ್ಚಿಡುತ್ತಿದ್ದದ್ದು ಗೋಡೆಯ ಮುಂದೆ ಬಿಚ್ಚಿಟ್ಟ ಹಾಗೆ. ಅವತ್ತು ಕೋಪಕ್ಕೆ ಎರಡು ಗಂಟೆ ಒಂದು ಸಾಲೂ ಸರಿಯಾಗಿ ಜೋಡಿಸಲಿಲ್ಲ.

ಕಲಿತೇ ಕಲಿಯುತ್ತೇನೆ. ಅವರು ಏನಾದರೂ ಅಂದುಕೊಳ್ಳಲಿ.

ಕೋಪದಲ್ಲಿರುವಾಗಲೇ ನಿಮ್ಮನ್ನೂ ಕೇಳಿಬಿಡುತ್ತೇನೆ, ಆಮೇಲೆ ಧೈರ್ಯ ಇರುವುದಿಲ್ಲ. ನನ್ನ ಆ ಕಾಗದವನ್ನು ಯಾಕೆ ತಿದ್ದಿ ಕಳಿಸಿದಿರಿ?

ಇತಿ,
ಮೊಳೆಯಮ್ಮ

ಫೆಬ್ರುವರಿ 20

ಮೊಳೆಯಮ್ಮಾ,

ಹೊಸ ಅಭ್ಯಾಸಗಳು ಆರು ಹಾಳೆ ಇವೆ. ಭೂತಕಾಲದಲ್ಲಿ ಎಡವುತ್ತಿದ್ದೀಯ. ನೀನು ಕಳಿಸಿದ ನೂರು ವಾಕ್ಯಗಳಲ್ಲಿ ಎರಡನೇ ಹಾಳೆಯನ್ನು ಪೂರ್ತಿ ಮತ್ತೆ ಬರೆ. ಒಬ್ಬರ ವಸ್ತು ಅಂತ ತೋರಿಸುವ ಅಪಾಸ್ಟ್ರಫಿಯನ್ನು ಬಹುವಚನಕ್ಕೆ ಹಾಕಬೇಡ. ಅಂಗಡಿ ಬೋರ್ಡಿನವರು ಹಾಕುತ್ತಾರೆ ಅಂತ ನೀನೂ ಹಾಕಬೇಕಾಗಿಲ್ಲ.

ನಾನೇ ಬೇಕೆಂದು ಹನ್ನೆರಡು ತಪ್ಪು ಸೇರಿಸಿದ ಒಂದು ಪುಟವಿದೆ. ಹುಡುಕು.

ಇತಿ,
ಅಕ್ಕ

ಮಾರ್ಚ್ 1

ಅಕ್ಕಾ,

ನಿಮ್ಮ ಪುಟದಲ್ಲಿ ಹದಿಮೂರು ಸಿಕ್ಕಿವೆ. ಎಂಟು ನೆಟ್ಟಗೆ ಓದಿದಾಗ ಸಿಕ್ಕವು, ಐದು ತಲೆಕೆಳಗೆ ಹಿಡಿದಾಗ. ಹದಿಮೂರನೆಯದು ಕೊನೆಯ ಸಾಲಿನಲ್ಲಿದೆ, ಅದನ್ನು ನೀವು ಬೇಕೆಂದು ಹಾಕಿದ ಹಾಗೆ ಕಾಣಲಿಲ್ಲ. ಬೈಯಬೇಡಿ.

ಒಂದು ಕಷ್ಟ ಹೇಳುತ್ತೇನೆ. ತಪ್ಪು ಕಾಣುತ್ತದೆ, ಗುರುತು ಹಾಕಲು ಕೈ ಏಳುವುದಿಲ್ಲ. ‘ಕಾಪಿಯಲ್ಲಿದ್ದ ಹಾಗೆ’ ಅನ್ನುವುದು ಮೂಳೆಯೊಳಗೆ ಹೋಗಿಬಿಟ್ಟಿದೆ. ಬರೆದವರು ಓದಿದವರು, ಅವರಿಗೆ ಗೊತ್ತಿಲ್ಲವೇ, ಇದು ತಪ್ಪು ಅನ್ನಲು ನಾನು ಯಾರು ಅನ್ನಿಸುತ್ತದೆ. ನಿನ್ನೆ ನಿಮ್ಮ ಪುಟದಲ್ಲಿ ಬಾತುಕೋಳಿಯ ಬಗ್ಗೆ ಇರುವ ಸಾಲಿಗೆ ಕೆಂಪು ಗುರುತು ಹಾಕಲು ಕಾಲು ಗಂಟೆ ಬೇಕಾಯಿತು. ಪೆನ್ನು ಕಚ್ಚಿ ಕಚ್ಚಿ ತುಟಿಯೆಲ್ಲ ಕೆಂಪಾಯಿತು. ‘ಎಲ್ಲಿಗೆ ಹೊರಟೆ ಅಲಂಕಾರ ಮಾಡಿಕೊಂಡು?’ ಅಂದರು ನಿಮ್ಮ ತಮ್ಮ.

ನನ್ನ ಪ್ರಶ್ನೆಗೆ ನೀವು ಉತ್ತರ ಬರೆಯಲಿಲ್ಲ. ಕಾಯುತ್ತೇನೆ.

ಇತಿ,
ಮೊಳೆಯಮ್ಮ

ಮಾರ್ಚ್ 19

ಮೊಳೆಯಮ್ಮಾ,

ತಡವಾಯಿತು. ಮೂರು ಸಲ ಬರೆದು ಹರಿದೆ.

ನಮ್ಮ ಮನೆಯವರು ತೀರಿಕೊಂಡ ವಾರ ನಲವತ್ತೆರಡು ಕಾಗದ ಬಂದವು. ನಲವತ್ತೊಂದು ಅಚ್ಚು ಹಾಕಿಸಿದ ಕಾರ್ಡುಗಳು, ಒಂದೇ ವಾಕ್ಯ, ಕೆಳಗೆ ಸಹಿ. ತಪ್ಪಿರಲಿಲ್ಲ, ಏನೂ ಇರಲಿಲ್ಲ. ನಿನ್ನದೊಂದೇ ಕೈಯಲ್ಲಿ ಬರೆದದ್ದು. ನೀನು ಮದುವೆಯಾಗಿ ಮೊದಲ ಸಲ ನಮ್ಮ ಮನೆಗೆ ಬಂದಾಗ ನಾಚಿಕೊಂಡು ಕೂತಿದ್ದೆಯಂತೆ, ಅವರು ಒಂದು ಕಿತ್ತಳೆ ಸುಲಿದು, ಮಾತಿಲ್ಲದೆ ಅರ್ಧ ನಿನ್ನ ಕೈಗಿಟ್ಟರಂತೆ. ಅದನ್ನು ಬರೆದಿದ್ದೆ. ನನಗೆ ಅದು ಗೊತ್ತೇ ಇರಲಿಲ್ಲ. ನಾನು ಆಗ ಅಡುಗೆಮನೆಯಲ್ಲಿದ್ದೆನೇನೋ.

ಓದಿದೆ. ಅಳು ಬರಬೇಕಿತ್ತು, ಬರಲಿಲ್ಲ. ಮೂವತ್ತು ವರ್ಷದ ಅಭ್ಯಾಸ, ಕೈ ಕೆಂಪು ಪೆನ್ನು ಹುಡುಕಿತು. ತಪ್ಪು ಹುಡುಕುತ್ತಿರುವಷ್ಟು ಹೊತ್ತು ಅವರಿಲ್ಲ ಅನ್ನುವುದು ಮರೆತುಹೋಗಿತ್ತು. ಮುಗಿಸಿ, ಎಣಿಸಿ, ಲಕೋಟೆಗೆ ಹಾಕಿ ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಮನೆಗೆ ಬಂದು ಬಾಗಿಲು ತೆಗೆದಾಗ ನಾನೇನು ಮಾಡಿದೆ ಅಂತ ತಿಳಿಯಿತು. ಓಡಿ ಹೋದೆ, ಅಂಚೆಯವನು ಚೀಲ ತೆಗೆದುಕೊಂಡು ಹೋಗಿಯಾಗಿತ್ತು.

ಕ್ಷಮೆ ಕೇಳಿ ಒಂದು ಕಾಗದ ಬರೆದಿದ್ದರೆ ಆಗುತ್ತಿತ್ತು. ಮೇಡಂ ತಪ್ಪು ಮಾಡುವುದಿಲ್ಲ ಅನ್ನುವ ಜಂಬ. ನಾನು ಮಾಡಿದ್ದು ತಪ್ಪು. ಈಗ ಬರೆದಿದ್ದೇನೆ.

ಹದಿಮೂರನೆಯ ತಪ್ಪು ನನ್ನದೇ. ಸರಿಯಾಗಿ ಹಿಡಿದಿದ್ದೀಯ. ನನ್ನದನ್ನು ಹಿಡಿದ ಕೈ ಇನ್ನು ಯಾರ ಮುಂದೆಯೂ ಹಿಂಜರಿಯಬಾರದು. ಪರೀಕ್ಷೆಗೆ ಎರಡು ವಾರ ಇದೆ, ಓದು.

ಇತಿ,
ಅಕ್ಕ

ಮಾರ್ಚ್ 26

ಅಕ್ಕಾ,

ನಿಮ್ಮ ಕಾಗದವನ್ನು ನಿಮ್ಮ ತಮ್ಮನಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ, ಮನೆ ಮುಂದೆ ನಿಲ್ಲಿಸಿದ್ದ ತಮ್ಮ ಬಸ್ಸಿನ ಗಾಜು ಒರೆಸುತ್ತಾ ನಿಂತರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ನಾನು ಬೇರೇನೂ ಬರೆಯುವುದಿಲ್ಲ. ಬರೆಯಲು ಕೂತರೆ ಓದು ನಿಂತುಹೋಗುತ್ತದೆ. ಈಗ ನೆಟ್ಟಗೆ ಹಿಡಿದೇ ಓದುತ್ತಿದ್ದೇನೆ, ಬಸ್ಸು ನಮ್ಮ ನಿಲ್ದಾಣ ದಾಟಿದ್ದು ಎರಡು ಸಲ ಗೊತ್ತಾಗಲಿಲ್ಲ. ಮೂರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ನನ್ನ ಜೊತೆ ಕಾಲೇಜು ಮುಗಿಸಿದ ಒಬ್ಬಳು ಹುಡುಗಿ ಕೂರುತ್ತಾಳಂತೆ.

ಇತಿ,
ನಿಮ್ಮ ಮೊಳೆಯಮ್ಮ

ಏಪ್ರಿಲ್ 4

ಅಕ್ಕಾ,

ಕೂತು ಓದಿ. ನಾನು ನಿಂತು ಬರೆಯುತ್ತಿದ್ದೇನೆ, ಕೂರಲು ಆಗುತ್ತಿಲ್ಲ.

ನಮ್ಮ ಮ್ಯಾನೇಜರ್ ಎಂಥವರು ಅಂದರೆ, ಪರೀಕ್ಷೆಗೆ ಅಂತ ಬೇರೆ ಪುಟ ಬರೆಸುವ ಜನವಲ್ಲ. ಅಚ್ಚಿಗೆ ಹೋಗಬೇಕಾಗಿದ್ದ ಕಾಗದಗಳ ಕಟ್ಟಿನಿಂದ ಮೂರನ್ನು ಎಳೆದು ಇಬ್ಬರಿಗೂ ಕೊಟ್ಟರು. ‘ಪರೀಕ್ಷೆಯೂ ಆಯ್ತು, ಕೆಲಸವೂ ಆಯ್ತು’ ಅಂದರು. ಮೊದಲನೆಯದು ಬಣ್ಣದ ಕಂಪನಿಯದು. ಎರಡನೆಯದು ಈಜುಕೊಳದ ನಿಯಮಗಳು. ಎರಡೂ ಮುಗಿಸಿದೆ. ಕೈ ಒಮ್ಮೆಯೂ ಹಿಂಜರಿಯಲಿಲ್ಲ.

ಮೂರನೆಯದು ನಮ್ಮ ಪ್ರೆಸ್ಸಿನದೇ ಒಂದು ನೋಟಿಸು. ನಾನು ಮೊದಲು ಕಾಮಾ, ಫುಲ್‌ಸ್ಟಾಪ್ ನೋಡುತ್ತಾ ಹೋದೆ. ತಿಂಗಳ ಹೆಸರಿಗೆ ದೊಡ್ಡಕ್ಷರ ಇರಲಿಲ್ಲ, ಹಾಕಿದೆ. ಕರ್ತೃ ಬಹುವಚನ, ಕ್ರಿಯಾಪದ ಏಕವಚನ, ಸರಿ ಮಾಡಿದೆ. ಕೆಳಗೆ ಐದು ಹೆಸರುಗಳ ಪಟ್ಟಿ ಇತ್ತು. ಐದನೆಯದಕ್ಕೆ ದೊಡ್ಡಕ್ಷರ ಹಾಕಿರಲಿಲ್ಲ. ಅಕ್ಷರದ ಕೆಳಗೆ ಮೂರು ಗೆರೆ ಎಳೆದರೆ ದೊಡ್ಡದು ಮಾಡಿ ಅಂತ ಅರ್ಥ. ಎರಡು ಗೆರೆ ಎಳೆದಾಗ ಅದು ನನ್ನ ಹೆಸರು ಅಂತ ಕಂಡಿತು.

ಮತ್ತೆ ಮೇಲಿನಿಂದ ಓದಿದೆ. ಒಂದೊಂದೇ ಪದ, ಯಾರು, ಏನು ಮಾಡಿದರು ಅಂತ ಹುಡುಕಿಕೊಂಡು. ‘ಅಚ್ಚುಮೊಳೆ ವಿಭಾಗದ ಕೆಳಗಿನ ಐವರು ಏಪ್ರಿಲ್ ಮೂವತ್ತರಂದು ತಮ್ಮದೇ ಕೋರಿಕೆಯ ಮೇರೆಗೆ ಕೆಲಸ ಬಿಟ್ಟಿರುತ್ತಾರೆ.’ ನೋಟಿಸಿನ ತಾರೀಕು ಮಾರ್ಚ್ ಇಪ್ಪತ್ತೆರಡು. ಅಂದರೆ ನಾನು ಪರೀಕ್ಷೆಗೆ ಕೂರುವ ಮೊದಲೇ ನನ್ನನ್ನು ತೆಗೆದಾಗಿತ್ತು. ತೆಗೆದದ್ದೂ ಅಲ್ಲವಂತೆ, ನಾನೇ ಬಿಟ್ಟೆನಂತೆ! ಹಾಗೆ ಬರೆದುಬಿಟ್ಟರೆ ನಮಗೆ ಬೇರೆ ವಿಭಾಗದಲ್ಲಿ ಕೆಲಸ ಕೊಡಬೇಕಾಗಿಲ್ಲ, ಯಾಕೆ ತೆಗೆದಿರಿ ಅಂತ ಯಾರೂ ಕೇಳುವ ಹಾಗೂ ಇಲ್ಲ. ಇದನ್ನು ಅವರು ನನ್ನ ಕೈಗೇ ಕೊಟ್ಟಿದ್ದಾರೆ. ಮೋಸ ಮಾಡಬೇಕು ಅಂತ ಕೊಟ್ಟದ್ದಲ್ಲ ಅಕ್ಕಾ. ಇಷ್ಟು ಬೇಗ ಮೊಳೆಯಮ್ಮ ಅರ್ಥ ತಿಳಿದು ಓದುವಷ್ಟು ಕಲಿತಿರುತ್ತಾಳೆ ಅನ್ನುವುದು ಅವರ ತಲೆಗೇ ಬಂದಿಲ್ಲ.

ಮೂರನೇ ಗೆರೆ ಎಳೆದೆ. ಹೆಸರು ಸರಿಯಾಗಿರಲಿ.

ಪ್ರೂಫಿನಲ್ಲಿ ವಿಷಯದ ಬಗ್ಗೆಯೇ ಅನುಮಾನ ಬಂದರೆ ತಿದ್ದುವ ಹಾಗಿಲ್ಲ. ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದವರನ್ನು ಕೇಳಬೇಕು, ಅದು ಪ್ರೆಸ್ಸಿನ ಪದ್ಧತಿ. ‘ತಮ್ಮದೇ ಕೋರಿಕೆ’ ಅನ್ನುವ ಪದಗಳ ಪಕ್ಕ ಅದನ್ನು ಹಾಕಿದೆ. ಸಾಲದು ಅನ್ನಿಸಿತು. ಅದರ ಪಕ್ಕ ಬರೆದೆ: ‘ಐ ಡಿಡ್ ನಾಟ್ ಆಸ್ಕ್.’ ಕಾಗದ ಕೊಟ್ಟು ನೆಟ್ಟಗೆ ನಮ್ಮ ವಿಭಾಗಕ್ಕೆ ಹೋದೆ. ನಾಲ್ಕೂ ಜನರನ್ನು ಕರೆದು ನೋಟಿಸಿನಲ್ಲಿ ಇದ್ದದ್ದನ್ನೆಲ್ಲ ನಮ್ಮ ಮಾತಿನಲ್ಲಿ ಹೇಳಿದೆ. ಅಚ್ಚಿಗೆ ಬಂದ ಕಾಗದದಲ್ಲಿ ಏನು ಬರೆದಿದೆ ಅಂತ ನಾನು ಬಾಯಿಬಿಟ್ಟದ್ದು ಇದೇ ಮೊದಲು.

ಮೊದಲ ದಿನ ನಕ್ಕಿದ್ದ ಪಕ್ಕದ ಕೇಸಿನವಳು ‘ನಿಜವಾಗಲೂ ನೀನೇ ಓದಿದ್ಯಾ?’ ಅಂತ ಎರಡು ಸಲ ಕೇಳಿದಳು. ಆಮೇಲೆ ‘ಈಗೇನು ಮಾಡೋದು?’ ಅಂದಳು. ನಾಲ್ಕೂ ಜನ ನನ್ನ ಮುಖ ನೋಡುತ್ತಿದ್ದರು. ನನಗೂ ಗೊತ್ತಿಲ್ಲ. ಏನು ಮಾಡಲಿ?

ಇತಿ,
ನಿಮ್ಮ ಮೊಳೆಯಮ್ಮ

ಏಪ್ರಿಲ್ 9

ನನ್ನ ಮೊಳೆಯಮ್ಮನಿಗೆ,

ನಿನ್ನ ಕಾಗದ ಓದಿ ಮೇಜಿಗೆ ಗುದ್ದಿದೆ, ಕೈ ಊದಿಕೊಂಡಿದೆ. ಅಕ್ಷರ ವಕ್ರವಾಗಿದ್ದರೆ ಅದಕ್ಕೇ.

ಕಾರ್ಮಿಕ ಅಧಿಕಾರಿಗೆ ದೂರು ಬರೆ. ಇದು ಕೈಗೆ ಸಿಕ್ಕ ದಿನವೇ. ಅಲ್ಲಿಯ ನಮೂನೆ ಇಂಗ್ಲಿಷಿನಲ್ಲೇ ಇರುತ್ತದೆ. ನಾನು ಬರೆದುಕೊಡಬಲ್ಲೆ, ಅರ್ಧ ಗಂಟೆಯ ಕೆಲಸ. ಬರೆದುಕೊಡುವುದಿಲ್ಲ. ನಾನು ಬರೆದರೆ ಅದು ಯಾರೋ ಮೇಡಂ ಬರೆದದ್ದು ಅನ್ನುತ್ತಾರೆ. ಅಂಚೆಗೆ ಹಾಕಿ ನನ್ನ ಉತ್ತರ ಕಾಯುತ್ತಾ ಕೂರಲು ದಿನವೂ ಇಲ್ಲ. ಯಾರು, ಏನು ಮಾಡಿದರು, ಯಾವತ್ತು. ಸಣ್ಣ ಸಣ್ಣ ವಾಕ್ಯ. ವಿಶೇಷಣ ಬೇಡ, ಅಳು ಬೇಡ. ಐದೂ ಜನ ಸಹಿ ಮಾಡಿ. ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆ.

ವಿಚಾರಣೆಯ ದಿನ ತಿಳಿಸು, ನಾನು ಬರುತ್ತೇನೆ. ಮಾತಾಡುವುದಿಲ್ಲ, ಹಿಂದೆ ಕೂತಿರುತ್ತೇನೆ.

ಇತಿ,
ನಿನ್ನ ಅಕ್ಕ

ಏಪ್ರಿಲ್ 28

ಅಕ್ಕಾ,

ದೂರು ಹನ್ನೊಂದು ವಾಕ್ಯದ್ದಾಯಿತು. ಕೊಟ್ಟ ದಿನ ಅಧಿಕಾರಿ ಓದಿ, ‘ಯಾವ ವಕೀಲರ ಹತ್ತಿರ ಬರೆಸಿದಿರಿ?’ ಅಂದರು. ‘ನಾನೇ ಬರೆದೆ ಸರ್’ ಅಂದೆ. ನಂಬಲಿಲ್ಲ. ಒಂದು ಹಾಳೆ ಮುಂದಿಟ್ಟು ‘ಮೊದಲ ಮೂರು ವಾಕ್ಯ ಬರೆದು ತೋರಿಸಿ’ ಅಂದರು. ಬರೆದೆ. ಎರಡನೆಯದನ್ನು ದೂರಿನಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿ ಬರೆದೆ, ಅದೇ ಹಾಳೆಯನ್ನು ಜೊತೆಗೆ ಪಿನ್ ಮಾಡಿಕೊಂಡರು.

ನೋಟಿಸು ಹಾಕಬಾರದು, ವಿಚಾರಣೆ ಮುಗಿಯುವವರೆಗೆ ಐವರೂ ಕೆಲಸದಲ್ಲಿರಬೇಕು ಅಂತ ಪ್ರೆಸ್ಸಿಗೆ ಕಾಗದ ಬಂದಿದೆ. ವಿಚಾರಣೆ ಮೇ ಹದಿನೆಂಟು, ಹನ್ನೊಂದು ಗಂಟೆ. ಬನ್ನಿ. ಹಿಂದೆ ಅಲ್ಲ, ನನ್ನ ಪಕ್ಕದಲ್ಲೇ ಕೂರಿ. ನಿಮ್ಮ ತಮ್ಮ ರಜ ಹಾಕಿದ್ದಾರೆ, ನಿಲ್ದಾಣಕ್ಕೆ ಕರೆಯಲು ಬರುತ್ತಾರೆ. ದಾರಿಯಲ್ಲಿ ನಿಮ್ಮ ಜೊತೆ ಏನು ಮಾತಾಡಬೇಕು ಅಂತ ಅವರಿಗೆ ಈಗಲೇ ದಿಗಿಲು ಹತ್ತಿದೆ.

ಪ್ರೂಫಿನ ಕೆಲಸ ನನಗೆ ಸಿಗಲಿಲ್ಲ. ಫಲಿತಾಂಶ ಗೋಡೆಗೆ ಅಂಟಿಸಿದರು: ಕಾಲೇಜಿನ ಹುಡುಗಿ ಪಾಸು, ನಾನು ಫೇಲು. ಆ ಹುಡುಗಿಯೇ ಬಂದು ಹೇಳಿದಳು, ‘ಆಂಟಿ, ನಿಮ್ಮ ಹಾಳೆ ನೋಡಿದೆ. ಮೂರನೇ ಪುಟದಲ್ಲಿ ನಾನು ಹಿಡಿದದ್ದು ಒಂಬತ್ತು, ನೀವು ಹದಿನಾಲ್ಕು’ ಅಂತ. ಬೇಜಾರಾಯಿತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಆ ಮೇಜು, ಆ ಕಿಟಕಿ ಪಕ್ಕದ ಕುರ್ಚಿ ನನಗೆ ತುಂಬಾ ಬೇಕಾಗಿತ್ತು.

ಆದರೆ ಇವತ್ತು ಬೆಳಿಗ್ಗೆ ಒಂದು ನಡೆಯಿತು, ಅದಕ್ಕೇ ಈ ಕಾಗದ. ನಾನು ಕೇಸಿನ ಮುಂದೆ ನಿಂತಿದ್ದೆ. ಮ್ಯಾನೇಜರ್ ಒಂದು ಲಕೋಟೆ ಹಿಡಿದು, ಏನೋ ಯೋಚಿಸುತ್ತಾ, ಎಂದಿನ ಹಾಗೆ ನನ್ನ ಹತ್ತಿರವೇ ಬಂದರು. ಕಾಗದ ಹೊರತೆಗೆದು ನನ್ನ ಮುಂದೆ ಬಿಚ್ಚಿಟ್ಟರು. ಮೊದಲ ಸಾಲಿಗೆ ನನ್ನ ಕಣ್ಣು ಹೋಯಿತು. ಅವರು ನನ್ನ ಕಣ್ಣನ್ನು ನೋಡಿದರು. ಸರಕ್ಕನೆ ಕಾಗದ ಎತ್ತಿ, ಅಂಗಿಗೆ ಒತ್ತಿ ಹಿಡಿದುಕೊಂಡು ವಾಪಸ್ ಹೋದರು.

ಅಕ್ಕಾ, ನಾನು ಪಾಸಾದೆ.

ಇತಿ,
ನಿಮ್ಮ ಮೊಳೆಯಮ್ಮ